ಅಳತೆಗೆ ನಿಂತವರು
(ಬಾನುಲಿ ಭಾಷಣ)

ಚಳಿಗಾಲ ಬಂತೆಂದರೆ ಒಬ್ಬೊಬ್ಬರಿಗೆ ಒಂದೊಂದು ನೆನಪು. ಕೆಲವರಿಗೆ ಅವರೆಕಾಯಿಯ ಸೊಗಡು, ಕೆಲವರಿಗೆ ಧನುರ್ಮಾಸದ ಹುಗ್ಗಿ, ನನ್ನ ವಯಸ್ಸಿನವರಿಗೆ ಮಂಡಿನೋವು. ನನಗೆ ಮಾತ್ರ ಇವೆಲ್ಲಕ್ಕಿಂತ ಮೊದಲು ನೆನಪಾಗುವುದು ಒಂದು ಹೆಗಲಚೀಲ, ಅದರೊಳಗೆ ಟವೆಲ್ಲಿನಲ್ಲಿ ಸುತ್ತಿಟ್ಟ ಒಂದು ಹಳೆಯ ಕ್ಯಾಮೆರಾ.

ಅಧ್ಯಾಪಕನಿಗೂ ಊರೂರು ತಿರುಗುವ ಕೆಲಸವುಂಟು ಎಂದರೆ ಹೊರಗಿನವರು ಸುಲಭವಾಗಿ ನಂಬುವುದಿಲ್ಲ. ಪಾಠ ಹೇಳಿ ಮನೆಗೆ ಹೋಗುವವನಿಗೆ ಎಲ್ಲಿಯ ಪ್ರಯಾಣ ಎನ್ನುತ್ತಾರೆ. ಆದರೆ ೩೬ ವರ್ಷಗಳ ನನ್ನ ವೃತ್ತಿಯಲ್ಲಿ ಉತ್ತರಪತ್ರಿಕೆಗಳ ಮೌಲ್ಯಮಾಪನ, ಮೌಖಿಕ ಪರೀಕ್ಷೆ, ವಿಚಾರಸಂಕಿರಣ ಎಂದು ನಾಡಿನ ಬಹುಭಾಗವನ್ನು ಸರ್ಕಾರದ ಖರ್ಚಿನಲ್ಲಿ ಕಂಡಿದ್ದೇನೆ. ಈ ಪ್ರಯಾಣಗಳಲ್ಲಿ ಒಂದು ಭಾನುವಾರ ಬಿಡುವಾದರೂ ಸಾಕು, ಸಹೋದ್ಯೋಗಿಗಳು ಪೇಟೆಯ ದಾರಿ ಹಿಡಿದರೆ ನಾನು ಯಾವುದಾದರೂ ಹಳೆಯ ಗುಡಿಯ ದಾರಿ ಹಿಡಿಯುತ್ತಿದ್ದೆ. ಕನ್ನಡ ಎಂ.ಎ. ಓದುವಾಗ ಹತ್ತಿದ ಶಾಸನದ ಹುಚ್ಚು, ಅನಂತರ ಹತ್ತಿದ ಛಾಯಾಚಿತ್ರದ ಹುಚ್ಚು, ಎರಡೂ ಕೂಡಿ ನನ್ನನ್ನು ತಿರುಗಿಸುತ್ತಿದ್ದವು. ಎರಡರಲ್ಲಿಯೂ ನಾನು ಹವ್ಯಾಸಿಯೇ ಹೊರತು ಪಂಡಿತನಲ್ಲ.

ಕ್ಯಾಮೆರಾ ಆಗ್ಫಾ ಕ್ಲಿಕ್ ೩. ಸ್ನೇಹಿತರೊಬ್ಬರಿಂದ ಅರ್ಧ ಬೆಲೆಗೆ ಕೊಂಡದ್ದು. ಅದರಲ್ಲಿ ಮಾಡಬೇಕಾದ ಏರ್ಪಾಟು ಹೆಚ್ಚೇನೂ ಇರಲಿಲ್ಲ. ಬಿಸಿಲಿಗೆ ಒಂದು ಗುರುತು, ಮೋಡಕ್ಕೆ ಒಂದು ಗುರುತು, ಅಷ್ಟೆ. ಒಂದು ಸುರುಳಿಗೆ ಹನ್ನೆರಡು ಚಿತ್ರ. ಹಿಂಬದಿಯ ಕೆಂಪು ಕಿಂಡಿಯಲ್ಲಿ ಅಂಕಿ ಮೂಡುವವರೆಗೆ ಸುರುಳಿಯನ್ನು ಕೈಯಿಂದ ತಿರುಗಿಸಬೇಕು. ಹೊಸದಾಗಿ ಸಂಸಾರ ಹೂಡಿದ ಅಧ್ಯಾಪಕನಿಗೆ ಆ ಹನ್ನೆರಡು ಚಿತ್ರಗಳು ಹನ್ನೆರಡು ಬೆಳ್ಳಿಯ ರೂಪಾಯಿಗಳಂತೆ. ಒಂದನ್ನು ಖರ್ಚು ಮಾಡುವ ಮೊದಲು ಹತ್ತು ಸಲ ಯೋಚಿಸುತ್ತಿದ್ದೆ.

ಇದಕ್ಕೂ ಚಳಿಗಾಲಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಏಪ್ರಿಲ್ ಮುಗಿದು ಮೇ ತಿಂಗಳು ಹುಟ್ಟುವ ಹೊತ್ತಿಗೆ ನಮ್ಮ ನಾಡಿನ ನಡುಭಾಗದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆ ಬಿಸಿಲು ನಿಂತ ಕಲ್ಲಿನ ಮುಖವನ್ನು ಸವರಿಯೂ ಸವರದಂತೆ ನೇರವಾಗಿ ನೆಲಕ್ಕೆ ಬೀಳುತ್ತದೆ. ಡಿಸೆಂಬರಿನಲ್ಲಿ ಹಾಗಲ್ಲ. ಗದಗಿನಂಥ ಊರಿನಲ್ಲಿ ನಡುಹಗಲಿನಲ್ಲೂ ಸೂರ್ಯ ನೆತ್ತಿಯಿಂದ ಸುಮಾರು ೩೯ ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಮೂಡುವುದೂ ಆಗ್ನೇಯದ ಕಡೆಗೆ ಸರಿದೇ. ಹೀಗಾಗಿ ದಕ್ಷಿಣಕ್ಕೆ ಮುಖಮಾಡಿದ ಶಾಸನದ ಕಲ್ಲೊಂದು ಬೇಸಗೆಯ ಬೆಳಗಿನಲ್ಲಿ ನೆರಳಿನಲ್ಲಿ ಮಂಕಾಗಿ ನಿಂತಿದ್ದರೆ, ಚಳಿಗಾಲದ ಬೆಳಗಿನಲ್ಲಿ ಅದಕ್ಕೆ ಪಕ್ಕದಿಂದ ಓರೆಯಾಗಿ ಬಿಸಿಲು ತಾಗುತ್ತದೆ. ಸವೆದ ಅಕ್ಷರದ ಒಂದು ಅಂಚು ಬೆಳಗುತ್ತದೆ, ಇನ್ನೊಂದು ಅಂಚಿನಲ್ಲಿ ಕೂದಲೆಳೆಯಷ್ಟು ನೆರಳು ನಿಲ್ಲುತ್ತದೆ. ಬೆರಳಾಡಿಸಿದರೂ ತಿಳಿಯದಿದ್ದ ಸಾಲು ಕಣ್ಣಿಗೆ ತಾನಾಗಿ ಓದಿಸಿಕೊಳ್ಳುತ್ತದೆ. ಕಲ್ಲಿಗೆ ಸುಣ್ಣದಕಡ್ಡಿ ತಿಕ್ಕಿ ಅಕ್ಷರ ಕಾಣಿಸುವ ಅಭ್ಯಾಸ ಕೆಲವರಿಗಿತ್ತು. ನನಗದು ಒಗ್ಗಲಿಲ್ಲ. ಮಾರ್ಗಶಿರ ಪುಷ್ಯಗಳ ಎಳೆಬಿಸಿಲು ಆ ಕೆಲಸವನ್ನು ಕಲ್ಲಿಗೆ ನೋವಾಗದಂತೆ ಮಾಡುತ್ತಿತ್ತು.

೧೯೮೬ರ ಡಿಸೆಂಬರಿನಲ್ಲಿ ಮೌಲ್ಯಮಾಪನದ ಕೆಲಸಕ್ಕೆಂದು ಧಾರವಾಡಕ್ಕೆ ಹೋಗಿದ್ದೆ. ಬೆಂಗಳೂರು ಹುಬ್ಬಳ್ಳಿ ಮಾರ್ಗ ಆಗ ಇನ್ನೂ ಮೀಟರ್ ಗೇಜು. ರಾತ್ರಿಯೆಲ್ಲ ಕಿಟಕಿಯ ಸಂದಿಯಿಂದ ನುಗ್ಗುವ ಗಾಳಿಗೆ ಮಫ್ಲರಿನೊಳಗೆ ಮುದುಡಿಕೊಂಡು ಮಾಡಿದ ಪ್ರಯಾಣ. ತಿಂಗಳ ಕೊನೆಯ ಭಾನುವಾರದ ಬಿಡುವಿಗಾಗಿ ಹಿಂದಿನ ಸಂಜೆಯೇ ಗದಗಿಗೆ ಹೋಗಿ ತಂಗಿದೆ. ಕನ್ನಡ ಓದಿದವನು ಗದಗಿಗೆ ಹೋಗಿ ಲಕ್ಕುಂಡಿಯನ್ನು ನೋಡದೆ ಬರುವುದುಂಟೆ? ರನ್ನನಿಗೆ ಆಶ್ರಯವಿತ್ತು ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆ ೧೦೦೭ರಲ್ಲಿ ಕಟ್ಟಿಸಿದ ಬಸದಿ ಅಲ್ಲಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ತಾಯಿ ಆಕೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ, ಒಂದೊಂದು ಅಕ್ಷರವನ್ನೂ ಓಲೆಯ ಮೇಲೆ ಕಂಟದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ, ಸಾವಿರ ಪ್ರತಿ! ಈ ಸಂಗತಿಯನ್ನು ತರಗತಿಯಲ್ಲಿ ಎಷ್ಟು ಸಲ ಗಂಟಲುಬ್ಬಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಇದನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಂದು ಲಕ್ಕುಂಡಿಗೆ ಹೋಗುವ ಮೊದಲು, ಅಲ್ಲಿಂದ ಒಂದು ಹರದಾರಿಯಾಚೆಯ ಹಳ್ಳಿಯೊಂದರಲ್ಲಿ ಶಾಸನವಿದೆಯೆಂದು ಕೇಳಿ ಬೆಳಗಿನ ಬಸ್ಸಿಗೆ ಆ ಊರಿಗೆ ಹೋದೆ. ಎರೆಹೊಲದ ಬಿಳಿಜೋಳ ತೆನೆಗಟ್ಟಿತ್ತು. ಕಡಲೆಗಿಡಗಳ ಮೇಲೆ ಇಬ್ಬನಿ. ಊರ ಹೊರಗೆ ದಕ್ಷಿಣಕ್ಕೆ ಮುಖಮಾಡಿ ನಿಂತ ಕಲ್ಲು. ಮೇಲೆ ಲಿಂಗ, ಸೂರ್ಯಚಂದ್ರ, ಹಸು ಕರು. ಕೆಳಗೆ ಸವೆದ ಸಾಲುಗಳು. ನಾನು ಕ್ಯಾಮೆರಾ ತೆಗೆದು ಹಿಂದೆ ಮುಂದೆ ಹೆಜ್ಜೆ ಹಾಕುತ್ತಿರುವಾಗ ತಲೆಯ ಮೇಲೆ ಸೆರಗು ಹೊದ್ದ ಅಜ್ಜಿಯೊಬ್ಬಳು ಬಂದು ನಿಂತಳು. ಪಕ್ಕದಲ್ಲಿ ಹನ್ನೆರಡು ವರ್ಷದ ಹುಡುಗ.

“ಏನ್ ಮಾಡಾಕ ಹತ್ತೀರಿ ಸರ?”

“ಈ ಕಲ್ಲಿನ ಫೋಟೋ ತೆಗೀತಾ ಇದ್ದೀನಿ, ಅಜ್ಜೀ.”

“ಕಲ್ಲಿಂದ ಯಾಕ ತಗೀತೀರಿ? ಅದೇನು ಊರು ಬಿಟ್ಟು ಹೊಕ್ಕೈತೇನು?”

ಆದರೂ ಹುಡುಗನನ್ನು ಓಡಿಸಿ ಒಂದು ಕೊಡ ನೀರು ತರಿಸಿ, ಕಲ್ಲಿನ ಧೂಳನ್ನು ತಾನೇ ತೊಳೆದುಕೊಟ್ಟಳು. ಕಲ್ಲಿನ ಎತ್ತರ ಚಿತ್ರದಲ್ಲಿ ತಿಳಿಯಬೇಕಾದರೆ ಪಕ್ಕದಲ್ಲಿ ಅಳತೆಗೋಲು ಇರಬೇಕು. ನನ್ನ ಬಳಿ ಇರಲಿಲ್ಲ. “ಅಜ್ಜೀ, ನೀವು ಸ್ವಲ್ಪ ಕಲ್ಲಿನ ಪಕ್ಕದಲ್ಲಿ ನಿಲ್ಲಿ” ಎಂದೆ. ಹುಡುಗನಿಗೆ, “ನೀನು ದೂರ ಸರಿ” ಎಂದೆ. ಅಜ್ಜಿ ಸೆರಗನ್ನು ಸರಿಮಾಡಿಕೊಂಡು ಕೈಕಟ್ಟಿ ನಿಂತಳು. ಗುಂಡಿ ಒತ್ತಿದೆ.

“ನಂದೂ ಬಂತೇನ್ರಿ ಅದರಾಗ?”

“ಬಂತು.”

“ಹಂಗಾರ ನಂಗೊಂದು ಕಳಸ್ರಿ. ಮನ್ಯಾಗ ನಂದು ಒಂದೂ ಫೋಟೋ ಇಲ್ಲ. ನಾಳೆ ನಾ ಹೋದಮ್ಯಾಲ ಹುಡುಗ್ರಿಗೆ ತೋರ್ಸಾಕ ಏನರ ಬೇಕಲ್ಲ.”

“ಖಂಡಿತ ಕಳಿಸುತ್ತೇನೆ” ಎಂದೆ. ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಹೆಸರು ಬರೆದುಕೊಂಡೆ. ಎಳ್ಳ ಅಮಾವಾಸ್ಯೆ ಇನ್ನು ಮೂರು ದಿನವಿತ್ತು. ಹಬ್ಬಕ್ಕೆಂದು ಮಾಡಿದ್ದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಎರಡು, ಮೇಲೆ ಶೇಂಗಾ ಹಿಂಡಿ, ಮನೆಯಿಂದ ತರಿಸಿ ಕೊಟ್ಟಳು. ಕಲ್ಲಿನ ಕಟ್ಟೆಯ ಮೇಲೆ ಕುಳಿತು ತಿಂದೆ.

ಸುರುಳಿ ತೊಳೆದು ಬಂದಾಗ ಆ ಚಿತ್ರ ನಾನು ತೆಗೆದವುಗಳಲ್ಲೆಲ್ಲ ಉತ್ತಮವಾಗಿತ್ತು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಲೇಖನ ಬರೆದು ಅದನ್ನು ಅಚ್ಚು ಹಾಕಿಸಿದೆ. ಚಿತ್ರದ ಕೆಳಗೆ ನಾನು ಕೊಟ್ಟ ವಿವರಣೆ ಹೀಗಿತ್ತು: “ಶಾಸನಶಿಲೆ. ಪಕ್ಕದಲ್ಲಿ ಅಳತೆಗಾಗಿ ಸ್ಥಳೀಯ ಮಹಿಳೆ.”

ಇದು ನಾನೊಬ್ಬನೇ ಕಂಡುಹಿಡಿದ ಪದ್ಧತಿಯಲ್ಲ. ನಮ್ಮ ಗುಡಿಗಳ ಮೊದಲ ಛಾಯಾಚಿತ್ರಗಳನ್ನು ತೆಗೆದವರು ಬ್ರಿಟಿಷ್ ಕಾಲದ ಅಧಿಕಾರಿಗಳು. ೧೮೫೬ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿತ್ತು. ಇಂದು ಅದಿಲ್ಲ, ಇತ್ತೆಂಬುದಕ್ಕೆ ಆತನ ಚಿತ್ರವೇ ಸಾಕ್ಷಿ. ಛಾಯಾಚಿತ್ರದ ದೊಡ್ಡ ಉಪಕಾರವಿದು. ಆದರೆ ಆ ಶತಮಾನದ ಗುಡಿಗೋಪುರಗಳ ಚಿತ್ರಗಳನ್ನು ನೋಡುತ್ತ ಹೋದರೆ ಎಷ್ಟೋ ಕಡೆ ಕಂಬದ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಕಂಬದ ಎತ್ತರ ತಿಳಿಯಲೆಂದು ನಿಲ್ಲಿಸಿದವನು. ಕಂಬದ ಕಾಲ ಗೊತ್ತು, ಕಟ್ಟಿಸಿದ ಅರಸನ ಹೆಸರು ಗೊತ್ತು, ಚಿತ್ರ ತೆಗೆದವನ ಹೆಸರೂ ಗೊತ್ತು. ನಿಂತವನ ಹೆಸರನ್ನು ಹೆಚ್ಚಿನವರು ಬರೆದಿಡಲಿಲ್ಲ. ನಾನು ಅದೇ ದಾರಿಯಲ್ಲಿ ನಡೆದೆ.

ಪ್ರತಿಯನ್ನೇಕೆ ಕಳಿಸಲಿಲ್ಲ? ಟಿಕೆಟ್ಟು ಕಳೆದುಹೋಯಿತು ಎಂದು ನನಗೆ ನಾನೇ ಬಹುಕಾಲ ಹೇಳಿಕೊಂಡೆ. ಅದು ನಿಜ. ಆದರೆ ಕಲ್ಲಿನ ಹತ್ತಿರ ನಿಂತ ಅಜ್ಜಿಗೆ ಎಂದು ಬರೆದು ಆ ಊರಿನ ಅಂಚೆಗೆ ಹಾಕಿದ್ದರೆ ಲಕೋಟೆ ತಲುಪುತ್ತಿರಲಿಲ್ಲವೆ? ತಲುಪುತ್ತಿತ್ತು. ಮೊದಲು ನಾಳೆ ಎಂದುಕೊಂಡೆ, ಆಮೇಲೆ ತಡವಾಯಿತಲ್ಲ ಎಂದು ನಾಚಿಕೆಪಟ್ಟೆ, ಆಮೇಲೆ ಮರೆತೆ. ಬಹಳಷ್ಟು ಮಾತುಗಳು ತಪ್ಪುವುದು ಹೀಗೆಯೇ. ಅಲ್ಲಿ ಕೆಟ್ಟತನವಿರುವುದಿಲ್ಲ, ಸೋಮಾರಿತನವಿರುತ್ತದೆ.

೨೦೧೮ರಲ್ಲಿ ನಿವೃತ್ತನಾದ ಮೇಲೆ, ಹಳೆಯ ಟ್ರಂಕೊಂದನ್ನು ತೆರೆದು ನೋಡುವುದಕ್ಕೆ ಇನ್ನೂ ಐದು ವರ್ಷ ಹಿಡಿಯಿತು. ನೆಗೆಟಿವ್ ಸಿಕ್ಕಿತು, ಚಿತ್ರವೂ ಸಿಕ್ಕಿತು. ೨೦೨೩ರ ಡಿಸೆಂಬರಿನಲ್ಲಿ ಎರಡನ್ನೂ ಒಂದು ಪುಸ್ತಕದ ನಡುವೆ ಇಟ್ಟುಕೊಂಡು ಮತ್ತೆ ಆ ಊರಿಗೆ ಹೋದೆ. ಬಸ್‌ ನಿಲ್ದಾಣದ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, “ಇದು ಗಿರಣಿಯವರ ಆಯಿ ಅಲ್ಲೇನು?” ಎಂದು ಮನೆ ತೋರಿಸಿದರು.

ಹಿಟ್ಟಿನ ಗಿರಣಿಯ ಒಡೆಯ ಐವತ್ತರ ಹತ್ತಿರದವರು. ನಾನು ಹೇಳಿದ್ದನ್ನೆಲ್ಲ ಕೇಳಿ ಚಿತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೆಂಡತಿಯನ್ನು ಕೂಗಿ ಕರೆದು, “ಬಾ ಇಲ್ಲಿ, ಆಯಿ ಫೋಟೋ ಬಂತು!” ಎಂದು ನಕ್ಕರು. ಒಳಗಿನಿಂದ ಬಂದಾಕೆ ಮೊದಲು ನಂಬಲೇ ಇಲ್ಲ. ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅಂಚೆಯವನು ಓಣಿಯಲ್ಲಿ ಕಾಣಿಸಿದರೆ ಸಾಕು, “ನಂದೇನರ ಬಂದೈತೇನಪಾ?” ಎಂದು ಅಜ್ಜಿ ಕೇಳುತ್ತಿದ್ದಳಂತೆ. ಐದಾರು ವರ್ಷ ಹಾಗೆ ಕೇಳಿ ತೀರಿಕೊಂಡಳು. ಅಂದಿನಿಂದ ಅವರ ಮನೆಯಲ್ಲಿ ಅದೊಂದು ಗಾದೆಯಾಗಿಬಿಟ್ಟಿದೆ. ಕೊಟ್ಟ ಸಾಲ ಬಾರದಿದ್ದರೆ, ಬರುತ್ತೇನೆಂದ ನೆಂಟ ಬಾರದಿದ್ದರೆ, “ಆಯಿ ಫೋಟೋ ಬಂದಂಗ ಬಿಡು” ಎನ್ನುತ್ತಾರೆ.

ಭಾಷೆಯ ಅಧ್ಯಾಪಕನಾಗಿ ಗಾದೆಗಳ ಹುಟ್ಟನ್ನು ಕುರಿತು ಪಾಠ ಮಾಡಿದವನು ನಾನು. ನನ್ನಿಂದ ಒಂದು ಗಾದೆ ಹುಟ್ಟಿತೆಂದು ತಿಳಿದದ್ದು ಆ ದಿನ.

ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. “ನನಗ ದೂರ ಸರಿ ಅಂದಿದ್ರಿ ನೋಡ್ರಿ” ಎಂದು ಮಾತ್ರ ಅಂದರು. ಚಿತ್ರದ ಎಡಮೂಲೆಯಲ್ಲಿ ನೆಲದ ಮೇಲೆ ಸಣ್ಣದೊಂದು ನೆರಳು ಬಿದ್ದಿದೆ. ಚಳಿಗಾಲದ ಬೆಳಗಿನ ಉದ್ದನೆಯ ನೆರಳು, ದೂರ ಸರಿದ ಹುಡುಗನದು. ಅಷ್ಟು ವರ್ಷ ನಾನು ಅದನ್ನು ಚಿತ್ರದ ದೋಷವೆಂದೇ ಎಣಿಸಿದ್ದೆ.

ಅವರು ಮತ್ತೆ ಚಿತ್ರವನ್ನು ನೋಡಿ, “ಆಯಿ ಇಷ್ಟು ಗಿಡ್ಡಕಿದ್ದಳೇನು? ನನಗ ಭಾಳ ಎತ್ತರ ಕಾಣ್ತಿದ್ದಳು” ಎಂದು ಎದ್ದರು. ಕಲ್ಲಿನ ಹತ್ತಿರ ಹೋದೆವು. ಅಜ್ಜಿ ನಕ್ಕಿದ್ದಳು, ಆದರೆ ಕಲ್ಲು ಊರು ಬಿಡದಿದ್ದರೂ ಜಾಗ ಬಿಟ್ಟಿತ್ತು. ರಸ್ತೆ ಅಗಲ ಮಾಡುವಾಗ ಅದನ್ನು ಕಿತ್ತು ಗುಡಿಯ ಗೋಡೆಗೆ ಒರಗಿಸಿ, ಉತ್ತರಕ್ಕೆ ಮುಖಮಾಡಿ, ಬುಡಕ್ಕೆ ಸಿಮೆಂಟು ಹಾಕಿದ್ದರು. ಇನ್ನು ಚಳಿಗಾಲದ ಬಿಸಿಲು ಅದರ ಅಕ್ಷರಗಳನ್ನು ಮುಟ್ಟುವುದಿಲ್ಲ. ಒಂದು ಸಾಲನ್ನೂ ಓದಲಾಗಲಿಲ್ಲ. ಅವರಿಗೆ ಅಕ್ಷರ ಬೇಕಾಗಿರಲಿಲ್ಲ. ಚಿತ್ರದಲ್ಲಿ ಅಜ್ಜಿಯ ತಲೆ ಹಸುವಿನ ಕಾಲಿನ ಮಟ್ಟಕ್ಕೆ ಬಂದಿತ್ತು. ಅವರು ಹಸುವನ್ನು ಹುಡುಕಿ, ಅದರ ಕಾಲಿನ ಕೆಳಗೆ ಅಂಗೈಯನ್ನು ಅಡ್ಡಲಾಗಿ ಇಟ್ಟು, “ಇಷ್ಟು” ಎಂದರು. ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. ಕಲ್ಲಿನ ಅಳತೆಗೆಂದು ನಾನು ಅಜ್ಜಿಯನ್ನು ನಿಲ್ಲಿಸಿದ್ದೆ. ಮೊಮ್ಮಗ ಕಲ್ಲಿನಿಂದ ಅಜ್ಜಿಯನ್ನು ಅಳೆಯುತ್ತಿದ್ದರು.

ಮನೆಗೆ ಮರಳಿದ ಮೇಲೆ ಅವರು ಮೊಬೈಲಿನಿಂದ ಆ ಚಿತ್ರದ ಚಿತ್ರ ತೆಗೆದು ಹುಬ್ಬಳ್ಳಿಯ ತಂಗಿಗೆ, ಬೆಂಗಳೂರಿನ ಮಗನಿಗೆ, ಬೀಗರಿಗೆ ಎಲ್ಲ ಕಳಿಸಿದರು. ನಾನು ಚಹಾ ಕುಡಿದು ಮುಗಿಸುವುದರೊಳಗೆ ತಂಗಿಯ ಕರೆ ಬಂತು. ಆ ಕಡೆಯಿಂದ ಅಳುವಿನ ಸದ್ದು ಕೇಳಿಸಿತು. ಮೂವತ್ತೇಳು ವರ್ಷ ನನ್ನ ಟ್ರಂಕಿನಲ್ಲಿ ಕುಳಿತಿದ್ದದ್ದು ಒಂದು ನಿಮಿಷದಲ್ಲಿ ನಾಲ್ಕು ಊರು ಸೇರಿತು. ಅತ್ತಿಮಬ್ಬೆ ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಹೊಗಳುತ್ತ ಬಂದ ನಾನು, ಆಕೆಯ ಬಸದಿಯ ಒಂದು ಹರದಾರಿ ದೂರದಲ್ಲಿ ಒಂದೇ ಒಂದು ಪ್ರತಿಯನ್ನು ಕೊಡಲಾರದೆ ಹೋಗಿದ್ದೆ.

ಮನೆಗೆ ಬಂದು ವಾರ್ಷಿಕ ಸಂಚಿಕೆಯ ನನ್ನ ಪ್ರತಿಯಲ್ಲಿ “ಸ್ಥಳೀಯ ಮಹಿಳೆ” ಎಂಬ ಎರಡು ಶಬ್ದಗಳನ್ನು ಹೊಡೆದು ಹಾಕಿ ಅಜ್ಜಿಯ ಹೆಸರನ್ನು ಬರೆದೆ. ಆ ಹೆಸರು ಆ ಮನೆಯವರಿಗೆ ಸೇರಿದ್ದು. ಅದನ್ನು ಇಲ್ಲಿ ಹೇಳುವುದಿಲ್ಲ.

ಈಗ ಟ್ರಂಕಿನಲ್ಲಿ ಇನ್ನೂ ಹದಿನಾಲ್ಕು ಚಿತ್ರಗಳಿವೆ; ಕಂಬದ ಪಕ್ಕ, ವೀರಗಲ್ಲಿನ ಪಕ್ಕ, ಬಾಗಿಲವಾಡದ ಪಕ್ಕ ಯಾರೋ ಒಬ್ಬರು ಅಳತೆಗೆ ನಿಂತಿದ್ದಾರೆ. ಕೆಲವರಿಗೆ ಪ್ರತಿ ಕಳಿಸುತ್ತೇನೆಂದು ಹೇಳಿದ್ದು ನೆನಪಿದೆ. ಕೆಲವರು ಕೇಳಿರಲಿಕ್ಕಿಲ್ಲ, ಕೇಳದಿದ್ದರೆ ಋಣವಿಲ್ಲವೆಂದು ಹೇಳುವ ಧೈರ್ಯ ಈಗ ನನಗಿಲ್ಲ. ಚಳಿ ಬಿದ್ದೊಡನೆ ಒಂದೊಂದು ಊರಿಗೆ ಹೊರಡುತ್ತೇನೆ. ಮಫ್ಲರು ಹಳೆಯದೇ ಇದೆ. ಮಂಡಿ ನೋಯುತ್ತದೆ, ಬಸ್ಸಿನವರು ಹಿರಿಯ ನಾಗರಿಕರೆಂದು ಕಿಟಕಿಯ ಪಕ್ಕ ಜಾಗ ಮಾಡಿಕೊಡುತ್ತಾರೆ. ಈ ಪ್ರಯಾಣಗಳಿಗೆ ಪ್ರಯಾಣಭತ್ಯೆಯ ಬಿಲ್ಲು ಬರೆಯುವ ಗೋಜಿಲ್ಲ.