ಗೊಂಬೆಯ ಬೆಲೆ, ಮಾತಿನ ಬೆಲೆ

ಚಿಕ್ಕದೊಂದು ಅಂಗಡಿ ಇಟ್ಟಿದ್ದೀರಿ ಎಂದುಕೊಳ್ಳಿ. ಕಿರಾಣಿಯಲ್ಲ, ಜವಳಿಯಲ್ಲ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳ ಅಂಗಡಿ. ನಿಮ್ಮ ಸಾಮಾನು ಕೊಳ್ಳದಿದ್ದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಅಕ್ಕಿ ಬೇಳೆಯ ಅಂಗಡಿಯಲ್ಲಿ ಆಡದ ಮಾತನ್ನು ಗಿರಾಕಿ ನಿಮ್ಮಲ್ಲಿ ಆಡುವುದು ಈ ಧೈರ್ಯದಿಂದಲೇ. “ಏನ್ರೀ, ಒಂದು ಮರದ ತುಂಡಿಗೆ ನಾನೂರು ರೂಪಾಯಿಯೇ? ಯಾರ ಕಿವಿಗೆ ಹೂ ಇಡುತ್ತೀರಿ?” ಎಂದು ಗೊಂಬೆಯನ್ನು ಮೇಜಿನ ಮೇಲೆ ಕುಕ್ಕುತ್ತಾನೆ. ಇಂಥವರೊಡನೆ ಹೇಗೆ ನಡೆದುಕೊಳ್ಳಬೇಕು? ಒಂದಿಷ್ಟು ಯೋಚಿಸೋಣ.

ಮೊದಲು ಒಂದು ಮಾತು. ಚೌಕಾಶಿ ಬೇರೆ, ಒರಟುತನ ಬೇರೆ. ಚೌಕಾಶಿ ನಮ್ಮ ಸಂತೆಗಳಷ್ಟೇ ಹಳೆಯದು. “ಇನ್ನೊಂದು ಸ್ವಲ್ಪ ನೋಡಿಕೊಂಡು ಹೇಳಿ” ಎಂದು ನಗುತ್ತ ಕೇಳುವ ತಾಯಿ ನಿಮ್ಮನ್ನು ಅವಮಾನಿಸುತ್ತಿಲ್ಲ. ಮನೆಯ ಖರ್ಚು ತೂಗಿಸುತ್ತಿದ್ದಾಳೆ. ಆಕೆಗೆ ಮುಖ ಗಂಟಿಕ್ಕಿಕೊಂಡು ಉತ್ತರ ಕೊಟ್ಟರೆ ತಪ್ಪು ನಿಮ್ಮದೇ. ಆಗುವುದಿಲ್ಲವೆಂದಾದರೆ, “ಇಲ್ಲಮ್ಮ, ಬರುವುದಿಲ್ಲ. ಅದೇ ಮಾದರಿಯಲ್ಲಿ ಚಿಕ್ಕದಿದೆ, ನೋಡಿ” ಎನ್ನಿ. ಬೆಲೆ ಇಳಿಯಲಿಲ್ಲ, ಮರ್ಯಾದೆಯೂ ಇಳಿಯಲಿಲ್ಲ.

ಇನ್ನು ಬೆಲೆಯ ವಿಚಾರ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದ ವರ್ತಕರು ಚೌಕಾಶಿಯನ್ನೇ ಬಿಟ್ಟರು. ಒಪ್ಪಿಕೊಳ್ಳಲು ಸಿದ್ಧವಿರುವ ಬೆಲೆಗಿಂತ ಹೆಚ್ಚು ಹೇಳುವುದು ಸುಳ್ಳು ಹೇಳಿದಂತೆ ಎಂಬುದು ಅವರ ನಂಬಿಕೆ. ಮಗುವನ್ನು ಕಳಿಸಿದರೂ ದೊಡ್ಡವರಿಗೆ ಹೇಳುವ ಬೆಲೆಯನ್ನೇ ಹೇಳುವ ಅಂಗಡಿಗೆ ಜನ ತಾವಾಗಿಯೇ ಬರುತ್ತಾರೆ. ಇದಕ್ಕೆ ವಿರುದ್ಧವಾಗಿ, ಹೇಗೂ ಇಳಿಸಬೇಕಲ್ಲ ಎಂದು ಮುನ್ನೂರರ ಗೊಂಬೆಗೆ ನಾನೂರು ಹೇಳಿ ನೋಡಿ. ಗದ್ದಲ ಮಾಡಿದವನಿಗೆ ಮುನ್ನೂರಕ್ಕೆ ಸಿಕ್ಕಿತು. ಸಂಕೋಚದಿಂದ ಸುಮ್ಮನಿದ್ದವನು ನಾನೂರು ತೆತ್ತ. ಒರಟುತನಕ್ಕೆ ನೀವೇ ಬಹುಮಾನ ಕೊಟ್ಟು, ಸೌಜನ್ಯಕ್ಕೆ ದಂಡ ಹಾಕಿದಂತಾಯಿತು. ನಾಳೆ ಆ ಸಾಧು ಮನುಷ್ಯನೂ ಗದ್ದಲ ಕಲಿತು ಬಂದರೆ ಯಾರನ್ನು ದೂರುತ್ತೀರಿ?

ಆದ್ದರಿಂದ ಲೆಕ್ಕ ನಿಮ್ಮ ನಾಲಗೆಯ ತುದಿಯಲ್ಲಿರಬೇಕು. ಉದಾಹರಣೆಗೆ, 300 ರೂಪಾಯಿಗೆ ತಂದ ಗೊಂಬೆಯನ್ನು 400ಕ್ಕೆ ಮಾರುತ್ತೀರಿ. ಬಾಡಿಗೆ, ದೀಪ, ಆಳಿನ ಸಂಬಳವೆಂದು ಅದರ ಪಾಲಿಗೆ 60 ಹೋದರೆ ಉಳಿದದ್ದು 40. ಗಿರಾಕಿ 50 ಬಿಡಿ ಎನ್ನುತ್ತಾನೆ. ಬಿಟ್ಟರೆ ನೀವು ಲಾಭ ಬಿಟ್ಟಿದ್ದಷ್ಟೇ ಅಲ್ಲ, 10 ರೂಪಾಯಿ ಕೈಯಿಂದ ಹಾಕಿದಿರಿ. ಈ ಲೆಕ್ಕ ತಿಳಿದವನು ಕೋಪಿಸಿಕೊಳ್ಳಬೇಕಾಗಿಲ್ಲ. ತನ್ನ ಬೆಲೆಯಲ್ಲಿ ತನಗೇ ನಂಬಿಕೆಯಿಲ್ಲದವನೇ ಮೊದಲು ದನಿ ಎತ್ತುವವನು.

“ಮರದ ತುಂಡು” ಎಂದವನಿಗೆ ಉತ್ತರ ಗೊಂಬೆಯಲ್ಲಿಯೇ ಇದೆ. ಅದನ್ನು ಅವನ ಕೈಗೆ ಕೊಡಿ. ಅದು ಆಲೆ ಮರ. ಬಿಳುಪು, ಹಗುರ, ನುಣುಪು. ಕಡಿದು ಚೆನ್ನಾಗಿ ಒಣಗಿಸದೆ ಅದನ್ನು ಕಡೆಯುವಂತಿಲ್ಲ. ಬಣ್ಣ ಕುಂಚದಿಂದ ಬಳಿದದ್ದಲ್ಲ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಕಾವಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಅನಂತರ ಗರಿಯ ತುಂಡನ್ನು ಒತ್ತಿ ಹಿಡಿದು ಹೊಳಪು ತರುತ್ತಾರೆ. ಇಷ್ಟನ್ನು ಎರಡು ನಿಮಿಷದಲ್ಲಿ ಹೇಳಬಹುದು. ಕೇಳಿದವರಲ್ಲಿ ಕೆಲವರು ಕೊಳ್ಳುತ್ತಾರೆ, ಕೆಲವರು ಕೊಳ್ಳುವುದಿಲ್ಲ. ಆದರೆ “ತುಂಡು” ಎಂಬ ಮಾತು ಮತ್ತೆ ಅವರ ಬಾಯಲ್ಲಿ ಸುಲಭವಾಗಿ ಬರುವುದಿಲ್ಲ.

ಇಷ್ಟಾದರೂ ಬಗ್ಗದವರುಂಟು. ಅವರಿಗೆ ಮೂರು ಉಪಾಯ. ಅವರ ದನಿ ಏರಿದಷ್ಟೂ ನಿಮ್ಮದು ಇಳಿಯಲಿ. ಒಬ್ಬನೇ ಬಹಳ ಹೊತ್ತು ಕೂಗಲಾರ. “ಪಕ್ಕದಂಗಡಿಯಲ್ಲಿ ಅರ್ಧ ಬೆಲೆ” ಎಂದರೆ ಪಕ್ಕದಂಗಡಿಯನ್ನು ಜರೆಯಬೇಡಿ. “ಒಳ್ಳೆಯದು ಸ್ವಾಮಿ, ಎರಡನ್ನೂ ಹೋಲಿಸಿ ನೋಡಿ ಬನ್ನಿ” ಎಂದು ಗೊಂಬೆಯನ್ನು ಮೆಲ್ಲಗೆ ಅದರ ಜಾಗಕ್ಕೆ ಇಡಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನನ್ನೋ ಹುಡುಗಿಯನ್ನೋ ಬೈದರೆ, ಯಜಮಾನರಾದ ನೀವು ಎದ್ದು ಬಂದು ನಡುವೆ ನಿಲ್ಲಬೇಕು. “ನನ್ನೊಡನೆ ಮಾತನಾಡಿ, ಆ ಮಗುವಿನೊಡನೆ ಬೇಡ” ಎನ್ನಬೇಕು. ವ್ಯಾಪಾರ ಹೋದರೆ ಹೋಗಲಿ. ಸಂಬಳ ಕೊಡುವುದು ಕೆಲಸಕ್ಕೆ, ಬೈಗುಳ ತಿನ್ನುವುದಕ್ಕಲ್ಲ.

“ವ್ಯಾಪಾರ ಹೋಗಲಿ ಎನ್ನುವುದು ಸುಲಭ” ಎಂದು ನೀವು ಹೇಳಬಹುದು. ನಿಜ. ಚನ್ನಪಟ್ಟಣದಲ್ಲಿಯಂತೂ ನಿಜ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಕಾರುಗಳು ಊರೊಳಗಿನ ರಸ್ತೆಯಲ್ಲಿ ಹಾಯುವಾಗ ಗೊಂಬೆ ಕಂಡು ಮಕ್ಕಳು ಹಟ ಹಿಡಿಯುತ್ತಿದ್ದರು, ಗಾಡಿ ನಿಲ್ಲುತ್ತಿತ್ತು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಬರುವ ಗಿರಾಕಿ ಕಡಿಮೆಯಾದಾಗ, ಬಂದ ಒಬ್ಬನೂ ಮುನಿಸಿಕೊಂಡು ಹೋಗದಿರಲಿ ಎಂಬ ಆಸೆ ಸಹಜ. ಹಾಗೆಂದು ದಿನವೂ ನಷ್ಟಕ್ಕೆ ಮಾರಿದರೆ ಆ ನಷ್ಟ ನಿಮ್ಮಲ್ಲಿಯೇ ನಿಲ್ಲುವುದಿಲ್ಲ. ಮುಂದಿನ ಸಲ ಸರಕು ತರುವಾಗ ನೀವೂ ಕುಶಲಕರ್ಮಿಯ ಮನೆಯ ಬಾಗಿಲಲ್ಲಿ ನಿಂತು, ಇಲ್ಲಿ ಕಲಿತ ಮಾತನ್ನೇ ಅಲ್ಲಿ ಆಡುತ್ತೀರಿ: “ಒಂದು ಮರದ ತುಂಡಿಗೆ ಇಷ್ಟೇ?” ಗೊಂಬೆಗೆ ಇಷ್ಟೆಂದು ಕೂಲಿ ಪಡೆಯುವವನಿಗೆ ಆ ಮಾತನ್ನು ದಾಟಿಸಲು ಇನ್ನೊಬ್ಬನಿಲ್ಲ. ಅವನು ಉಳಿ ಕೆಳಗಿಟ್ಟು, ಮಗನನ್ನು ಬೇರೆ ಕೆಲಸಕ್ಕೆ ಕಳಿಸುತ್ತಾನೆ.

ಗಿರಾಕಿಯ ಮುಂದೆ ವಿನಯದಿಂದ “ಇಲ್ಲ” ಎನ್ನುವಾಗ ನೀವು ನಿಮ್ಮ ನಲವತ್ತು ರೂಪಾಯಿಯನ್ನಷ್ಟೇ ಕಾಯುತ್ತಿಲ್ಲ. ಅಂಗಡಿಯಲ್ಲಿ ಕಾಣದಿರುವ ಆ ಕೈಗಳ ಪರವಾಗಿಯೂ ಮಾತನಾಡುತ್ತಿದ್ದೀರಿ. ಹಾಗೆಯೇ, ಅಂಗಡಿಗೆ ಹೋಗುವವರು ನೀವಾಗಿದ್ದರೆ, ಬೆಲೆ ಕೇಳಿ, ಬೇಕಾದರೆ ಕಡಿಮೆಗೂ ಕೇಳಿ. ಕೇಳುವಾಗ ಗೊಂಬೆಯನ್ನು ಮೆಲ್ಲಗೆ ಕೆಳಗಿಡಿ.