ಕೊನೆಯ ದಿನದ ಪಾಠ

(ಬೀಳ್ಕೊಡುಗೆ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಎಂಟು ವರ್ಷ ನಿಮ್ಮೂರಿನ ಅನ್ನ ಉಂಡವನು ನಾನು. ಬಯಲುಸೀಮೆಯಿಂದ ಬಂದಾಗ ಕುಚ್ಚಲಕ್ಕಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಅದಿಲ್ಲದೆ ಹೊಟ್ಟೆ ತುಂಬುವುದಿಲ್ಲ. ಆದರೆ ಇವತ್ತು ನಿಮ್ಮ ಮುಂದೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಿದೆ. ಈ ಎಂಟು ವರ್ಷಗಳಲ್ಲಿ ನಾನು ಶಾಲೆ, ಬಾಡಿಗೆ ಮನೆ, ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡು ಬಿಟ್ಟರೆ ಬೇರೇನನ್ನೂ ನೋಡಿರಲಿಲ್ಲ. ಹೊರಡುವ ಮುಂಚಿನ ಭಾನುವಾರ ಇಬ್ಬರು ಮಿತ್ರರೊಡನೆ ಊರು ನೋಡಲು ಒಂದು ಓಮ್ನಿ ಗೊತ್ತುಮಾಡಿದೆ. ಚಾಲಕ ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡದಲ್ಲೇ ಫೇಲಾದವನು. ಅವನ ಪ್ರಗತಿ ಪತ್ರದಲ್ಲಿ 'ಕಲಿಕೆಯಲ್ಲಿ ಆಸಕ್ತಿ ಇಲ್ಲ' ಎಂದು ಬರೆದ ಕೈ ನನ್ನದೇ.

ಬೆಳ್ತಂಗಡಿಯಲ್ಲಿ ನೀರುದೋಸೆ, ಗೋಳಿಬಜೆ ತಿಂದು, ಬಿಸಿಲೇರುವ ಮೊದಲೇ ಜಮಾಲಾಬಾದ್ ಕೋಟೆ ಹತ್ತಿದೆವು. 1794ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಕೋಟೆ. ಮೆಟ್ಟಿಲುಗಳನ್ನು ಬಂಡೆಯಲ್ಲೇ ಕಡೆದಿದ್ದಾರೆ. ತಾಯಿ ಜಮಾಲ್‌ಬಿಯ ಹೆಸರಿಟ್ಟನೆಂದು ಹೇಳುತ್ತಾರೆ. ಉರ್ದುವಿನಲ್ಲಿ ಜಮಾಲ್ ಎಂದರೆ ಸೌಂದರ್ಯ ಎಂದು ನಾನು ಹೇಳಿದೆ. ಅವನು, "ಸರ್, ಇದಕ್ಕೆ ಮೊದಲು ನರಸಿಂಹಗಡ ಎನ್ನುತ್ತಿದ್ದರಂತೆ. ನಮಗೆ ಗಡಾಯಿಕಲ್ಲು. ಮೂರು ಹೆಸರಿದ್ದರೂ ಹತ್ತುವಾಗ ಕಾಲು ನೋಯುವುದು ಒಂದೇ ತರ" ಎಂದ. ಇಂತಹ ಮಾತನ್ನು ತರಗತಿಯಲ್ಲಿ ಅವನಿಂದ ಒಮ್ಮೆಯೂ ಕೇಳಿರಲಿಲ್ಲ. ಕೇಳಲು ನಾನು ಪುರಸೊತ್ತು ಕೊಟ್ಟಿರಲಿಲ್ಲ.

ಇಳಿದು ವೇಣೂರಿಗೆ ಬಂದು, 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ಬಾಹುಬಲಿಯನ್ನು ನೋಡಿದೆವು. ಮಧ್ಯಾಹ್ನದ ಊಟ ಅಲ್ಲೇ ಸಮೀಪದ ಅವನ ಮನೆಯಲ್ಲಿ. ಪತ್ತಿರ್, ಕೋಳಿ ಸಾರು. ಅವನ ತಾಯಿಯದು ಬ್ಯಾರಿ, ನನ್ನದು ಉರ್ದು, ನಡುವೆ ಕನ್ನಡ. "ಮಾಸ್ಟ್ರು ನಮ್ಮ ಮನೆಗೆ ಮೊದಲ ಸಲ ಬಂದದ್ದು" ಎಂದರು ಆ ತಾಯಿ. ಪ್ರೀತಿಯಿಂದ ಹೇಳಿದ ಮಾತು. ಆದರೂ ತುತ್ತು ಗಂಟಲಲ್ಲಿ ನಿಂತಿತು. ಮನೆಯಲ್ಲಿ ಕನ್ನಡ ಕೇಳದೆ ಬೆಳೆದ ಹುಡುಗನೆಂಬುದು ಅಂದೇ ನನಗೆ ತಿಳಿದದ್ದು.

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಅಲ್ಲಿನ ಮಂಟಪದ ಬುಡದಲ್ಲಿ ಒಂದು ಕೆತ್ತನೆಯನ್ನು ಅವನು ಬೆರಳಿಟ್ಟು ತೋರಿಸಿದ: ಜಿರಾಫೆ! ಪಕ್ಕದಲ್ಲಿ ಚೀನಾದ ಡ್ರ್ಯಾಗನ್. "ನಮ್ಮೂರಿನ ಕಲ್ಲಿಗೆ ಜಿರಾಫೆ ಹೇಗೆ ಬಂತು ಸರ್?" ಆಫ್ರಿಕಾ, ಚೀನಾಗಳೊಡನೆ ನಮ್ಮ ಕರಾವಳಿಗಿದ್ದ ಹಡಗಿನ ವ್ಯಾಪಾರದ ಬಗ್ಗೆ ನನಗೆ ತಿಳಿದಷ್ಟು ಹೇಳಿದೆ. ಇದೇ ಊರಿನಲ್ಲಿ ಧವಲಾ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದವು. ಭಾಷೆ ಪ್ರಾಕೃತ, ಲಿಪಿ ಕನ್ನಡ ಎಂದೂ ಹೇಳಿದೆ. ಅವನು ತಕ್ಷಣ, "ನಾವು ಬ್ಯಾರಿಯನ್ನು ಕನ್ನಡದಲ್ಲಿ ಬರೆದ ಹಾಗೆ" ಎಂದ. ಆಸಕ್ತಿ ಇಲ್ಲದ ಹುಡುಗ!

ಸಂಜೆ ಬಂಟ್ವಾಳದಲ್ಲಿ ನೇತ್ರಾವತಿಯ ದಡದಲ್ಲಿ ಚಾ ಕುಡಿದೆವು. 1874ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರೂ ಅಧ್ಯಾಪಕರೇ. ಕೊಡಗಿಗೆ ಹೋಗಿ ಆ ನಾಡಿಗಾಗಿ 'ಹುತ್ತರಿ ಹಾಡು' ಬರೆದರು. ಹೋದ ಊರನ್ನು ಕಣ್ಣು ಬಿಟ್ಟು ನೋಡುವುದೂ ಮೇಷ್ಟ್ರ ಕೆಲಸ ಎಂದು ನನಗೆ ತಡವಾಗಿ ಹೊಳೆಯಿತು.

ಬಾಡಿಗೆಯನ್ನು ಅವನು ಎಣಿಸಿ ತೆಗೆದುಕೊಂಡ. ಚಾದ ಹಣ ಮಾತ್ರ ಕೊಡಲು ಬಿಡಲಿಲ್ಲ. ಹೊರಡುವಾಗ ತಲೆ ತಗ್ಗಿಸಿ ಕೇಳಿದ: "ಸರ್, ಆ ಕನ್ನಡ ಪರೀಕ್ಷೆ ಈಗಲೂ ಕಟ್ಟಬಹುದಾ?"

ಕಟ್ಟಬಹುದು ಎಂದೆ. ಕಲಿಸಲು ನಾನಿರುವುದಿಲ್ಲವಲ್ಲ! ಆದ್ದರಿಂದ ಸಂಸ್ಥೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ನನಗೆ ಶಾಲು, ಸ್ಮರಣಿಕೆ ಕೊಟ್ಟಿದ್ದೀರಿ, ಕೃತಜ್ಞತೆಗಳು. ಅದರ ಜೊತೆಗೆ ಅರ್ಧದಲ್ಲಿ ಬಿಟ್ಟವರಿಗಾಗಿ ವಾರಕ್ಕೆ ಎರಡು ಸಂಜೆ ಒಂದು ಕೋಣೆಯ ಬಾಗಿಲು ತೆರೆದಿಡಿ. ವಿದ್ಯಾರ್ಥಿಗಳೇ, ನಾಳೆ ನೀವು ಬೆಂಗಳೂರಿಗೋ ಗಲ್ಫಿಗೋ ಹೋಗುವವರು. ನಿಮ್ಮೂರನ್ನು ನೋಡಲು ಕೊನೆಯ ಭಾನುವಾರದವರೆಗೆ ಕಾಯಬೇಡಿ. ಶಿಕ್ಷಕ ಮಿತ್ರರೇ, ಪ್ರಗತಿ ಪತ್ರ ತುಂಬುವ ಮೊದಲು ಒಮ್ಮೆ ಆ ಮಗುವಿನ ಮನೆಯ ಮೆಟ್ಟಿಲು ಹತ್ತಿ ಬನ್ನಿ. ಗಡಾಯಿಕಲ್ಲಿನಷ್ಟು ಕಷ್ಟವೇನೂ ಇಲ್ಲ.

ನನ್ನಿಂದ ನೋವಾಗಿದ್ದರೆ ಕ್ಷಮಿಸಿ. ವಸ್ಸಲಾಂ.