ಸೋರುವ ತಂಪು



ಮಲೆನಾಡಿನ ಪರಿಸರ ಸಭೆಯಲ್ಲಿ ಬೆಂಗಳೂರಿನ ಹಳೆಯ ಕಾರೊಂದರ ದುರಸ್ತಿಯ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಬಹುದು. ಘಟ್ಟದ ಅನೇಕ ಮನೆಗಳ ಮಕ್ಕಳು ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ದುಡಿಯುತ್ತಿದ್ದಾರೆ. ಅವರು ಹತ್ತು ಹನ್ನೆರಡು ವರ್ಷ ಓಡಿಸಿದ ಕಾರು ಎಷ್ಟೋ ಬಾರಿ ಊರಿನ ಮನೆಯ ಕೊಟ್ಟಿಗೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಆ ಕಾರಿನಿಂದ ಸೋರಿಹೋದ ಅನಿಲಕ್ಕೆ ಬಯಲುಸೀಮೆ, ಮಲೆನಾಡು ಎಂಬ ಭೇದವಿಲ್ಲ.

1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ವೈಟ್‌ಫೀಲ್ಡ್ ಒಂದು ಕೃಷಿ ವಸಾಹತಾಗಿ ಆರಂಭವಾಯಿತು. ಎಲೆಕ್ಟ್ರಾನಿಕ್ ಸಿಟಿ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗರ ಕಲ್ಪನೆ, 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ರೂಪುಗೊಂಡಿತು. ಹೊಲ, ಕೆರೆ, ತೋಪುಗಳಿದ್ದ ಈ ನೆಲ ಇಂದು ಕಾಂಕ್ರೀಟಿನಿಂದ ಕಾಯುತ್ತಿದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. 2024ರ ಏಪ್ರಿಲ್‌ನಲ್ಲಿ 38.5 ಡಿಗ್ರಿ. ಒಂದು ಕಾಲಕ್ಕೆ ಫ್ಯಾನೂ ಬೇಡವಾಗಿದ್ದ ಊರಿನಲ್ಲಿ ಹೊಗೆ, ಧೂಳು, ಬಿಸಿಲುಗಳ ನಡುವೆ ಗಂಟೆಗಟ್ಟಲೆ ನಿಲ್ಲುವ ಕಾರಿಗೆ ಎ.ಸಿ. ಬೇಡವೆಂದು ಉಪದೇಶಿಸುವುದು ಸುಲಭ, ಪಾಲಿಸುವುದು ಕಷ್ಟ. ಆದ್ದರಿಂದ ಇಂದಿನ ವಿಚಾರ ಎ.ಸಿ. ಬೇಕೇ ಬೇಡವೇ ಎಂಬುದಲ್ಲ. ಅದು ಕೆಟ್ಟಾಗ ಏನು ಮಾಡಲಾಗುತ್ತಿದೆ, ಏನು ಮಾಡಬೇಕು ಎಂಬುದಷ್ಟೆ.

ಕಾರಿನ ತಂಪಿನ ತತ್ತ್ವ ಹೊಸದೇನಲ್ಲ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಇವ್ಯಾಪೊರೇಟರ್ ಮಾಡುವುದೂ ಇದನ್ನೇ. ಗ್ಯಾರೇಜುಗಳಲ್ಲಿ ಇದಕ್ಕೆ ಕೂಲಿಂಗ್ ಕಾಯಿಲ್ ಎನ್ನುತ್ತಾರೆ. ತೆಳು ಅಲ್ಯೂಮಿನಿಯಂ ನಾಳಗಳೊಳಗೆ ದ್ರವರೂಪದ ಶೀತಕ ಕಡಿಮೆ ಒತ್ತಡದಲ್ಲಿ ಆವಿಯಾಗುತ್ತದೆ. ಸುತ್ತಲಿನ ಗಾಳಿಯ ಶಾಖ ಅದಕ್ಕೆ ಸೇರುತ್ತದೆ. ತಣ್ಣಗಾದ ಗಾಳಿಯನ್ನು ಬ್ಲೋವರ್ ಒಳಕ್ಕೆ ಊದುತ್ತದೆ. ವ್ಯತ್ಯಾಸ ಒಂದೇ. ಹೂಜಿಯ ನೀರು ಗಾಳಿಗೆ ಸೇರಿದರೆ ಯಾರಿಗೂ ಹಾನಿಯಿಲ್ಲ. ಕಾಯಿಲಿನೊಳಗಿನ ಶೀತಕ ಮಾತ್ರ ಎಂದೂ ಹೊರಗೆ ಬರಬಾರದು. ಕಂಪ್ರೆಸರ್, ಕಂಡೆನ್ಸರ್‌ಗಳ ಮೂಲಕ ಮುಚ್ಚಿದ ದಾರಿಯಲ್ಲಿ ಸುತ್ತುತ್ತಲೇ ಇರಬೇಕು.

ಈ ಕಾಯಿಲ್ ಸದಾ ಒದ್ದೆ. ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ ಕೊಳವೆಯ ಮೂಲಕ ಕಾರಿನಡಿಗೆ ತೊಟ್ಟಿಕ್ಕುತ್ತದೆ. ಒದ್ದೆ ಮೈಗೆ ರಸ್ತೆಯ ಧೂಳು, ಹೊಗೆಯ ಕಣ, ಒಣಗಿದ ಎಲೆಯ ಪುಡಿ ಅಂಟುತ್ತವೆ. ಕೊಳವೆ ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ಕೆಸರಾಗುತ್ತದೆ. ಅದರ ಆಮ್ಲಾಂಶ ಅಲ್ಯೂಮಿನಿಯಮ್ಮನ್ನು ನಿಧಾನವಾಗಿ ತಿನ್ನುತ್ತದೆ. ಕೆಲವು ವರ್ಷಗಳಲ್ಲಿ ಸೂಜಿಮೊನೆಯಷ್ಟು ರಂಧ್ರ ಬೀಳುತ್ತದೆ. ಅದು ಕಣ್ಣಿಗೆ ಕಾಣದು. ತಂಪು ಮಾತ್ರ ದಿನೇ ದಿನೇ ಕುಗ್ಗುತ್ತದೆ.

ಈಗ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಹೋಗಿಬರುವ ಉದ್ಯೋಗಿಯೊಬ್ಬನ ಹದಿನಾಲ್ಕು ವರ್ಷದ ಕಾರನ್ನು ಊಹಿಸಿಕೊಳ್ಳಬೇಕು. ಮಾರ್ಚ್ ತಿಂಗಳಲ್ಲಿ ತಂಪು ನಿಲ್ಲುತ್ತದೆ. ಆತ ಗ್ಯಾರೇಜಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ, “ಗ್ಯಾಸ್ ತುಂಬಿಸಲು ಎಷ್ಟಾಗುತ್ತದೆ?” ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ತುಂಬಿಸಿ ಕಳುಹಿಸುತ್ತಾನೆ. ಮೇ ತಿಂಗಳಲ್ಲಿ ಮತ್ತೆ ಅದೇ ಕಥೆ. “ಹಳೇ ಗಾಡಿ ಸಾರ್, ವರ್ಷಕ್ಕೊಂದೆರಡು ಸಲ ಗ್ಯಾಸ್ ಹಾಕಿಸಲೇಬೇಕು” ಎಂಬ ಸಮಾಧಾನ ಸಿಗುತ್ತದೆ. ಈ ಮಾತು ಸರಿಯಲ್ಲ. ಶೀತಕ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಕೆಲವೇ ತಿಂಗಳಲ್ಲಿ ಅದು ಖಾಲಿಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ತೂತು ಮುಚ್ಚದೆ ಮತ್ತೆ ತುಂಬಿಸುವುದು ಏರಿ ಒಡೆದ ಕೆರೆಗೆ ಕಾಲುವೆ ತಿರುಗಿಸಿದಂತೆ.

ಸೋರಿದ್ದರ ಲೆಕ್ಕವನ್ನೂ ನೋಡಬೇಕು. ಹಳೆಯ ಕಾರುಗಳಲ್ಲಿ ಇಂದು ಹೆಚ್ಚಾಗಿ ಇರುವ ಶೀತಕ ಆರ್-134ಎ. ಇದು ಓಜೋನ್ ಪದರವನ್ನು ಕೆಡಿಸುವುದಿಲ್ಲ. ಆದರೆ ಒಂದು ಕಿಲೋ ಆರ್-134ಎ ನೂರು ವರ್ಷಗಳ ಅವಧಿಯಲ್ಲಿ 1,430 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿಮಾಡುತ್ತದೆ ಎಂಬುದು ಕಿಗಾಲಿ ಒಪ್ಪಂದದಲ್ಲಿ ಬಳಸಿದ ಲೆಕ್ಕ. ಸಣ್ಣ ಕಾರಿನಲ್ಲಿರುವುದು ಸುಮಾರು 500 ಗ್ರಾಂ. ಅದು ಪೂರ್ತಿ ಸೋರಿದರೆ 715 ಕಿಲೋ ಡೈಆಕ್ಸೈಡ್ ಬಿಟ್ಟಂತೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೊರಡುವುದು ಸುಮಾರು 2.3 ಕಿಲೋ. ಎಂದರೆ ಒಂದು ಸಲದ ಸೋರಿಕೆ 310 ಲೀಟರ್ ಪೆಟ್ರೋಲ್ ಸುಟ್ಟದ್ದಕ್ಕೆ ಸಮ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿನಲ್ಲಿ ಇದು ಬೆಂಗಳೂರಿನಿಂದ ಶಿವಮೊಗ್ಗೆಗೆ ಹದಿನೈದು ಸಲ ಪಯಣಿಸಿದಷ್ಟು ಇಂಧನ. ಮೂರು ಸಲ ತುಂಬಿಸಿ ಮೂರು ಸಲವೂ ಸೋರಿದರೆ ಎರಡು ಟನ್ನಿಗೂ ಮಿಕ್ಕಿತು. ಇಷ್ಟೂ ಆಗುವುದು ಹೊಗೆಯಿಲ್ಲದೆ, ವಾಸನೆಯಿಲ್ಲದೆ. ಹೊಗೆ ತಪಾಸಣೆಯ ಪ್ರಮಾಣಪತ್ರದಲ್ಲಿ ಇದರ ಸುಳಿವೂ ಇರುವುದಿಲ್ಲ.

ಇದಕ್ಕೂ ಹಿಂದಿನ ಆರ್-12ರ ಕಥೆ ಇನ್ನೂ ಕಠೋರವಾದುದು. ಇಂಥ ಕ್ಲೋರೊಫ್ಲೋರೊಕಾರ್ಬನ್ನುಗಳು ಓಜೋನ್ ಪದರಕ್ಕೆ ಅಪಾಯಕಾರಿ ಎಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲೇ ಎಚ್ಚರಿಸಿದ್ದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಸೇರಿತು. 2000ದಲ್ಲಿ ನಿಯಮಾವಳಿ ಬಂದಿತು. ಜಗತ್ತು ಒಮ್ಮತದಿಂದ ನಡೆದಾಗ ಆಕಾಶದ ಗಾಯವೂ ಮಾಯತೊಡಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಬದಲಿಗೆ ಬಂದ ಶೀತಕ ಭೂಮಿಯನ್ನು ಬಿಸಿಮಾಡುವಂಥದಾಯಿತು. ಅದನ್ನು ತಗ್ಗಿಸಲು 2016ರಲ್ಲಿ ಕಿಗಾಲಿ ತಿದ್ದುಪಡಿಯಾಯಿತು. ಭಾರತ 2021ರಲ್ಲಿ ಅನುಮೋದಿಸಿತು. ಅದರಂತೆ ಇಲ್ಲಿನ ಇಳಿಕೆ 2032ರಲ್ಲಿ ಆರಂಭವಾಗಿ 2047ರ ಹೊತ್ತಿಗೆ ಶೇಕಡಾ 85 ಮುಟ್ಟಬೇಕು. ಅಲ್ಲಿಯವರೆಗೆ ರಸ್ತೆಯಲ್ಲಿರುವ ಕಾರುಗಳೊಳಗಿನ ಅನಿಲದ ಹೊಣೆ ಅವುಗಳ ಒಡೆಯರದು, ದುರಸ್ತಿ ಮಾಡುವವರದು.

ಸರಿಯಾದ ದುರಸ್ತಿ ಹೇಗಿರಬೇಕು? ಮೊದಲು ಸೋರಿಕೆಯ ಜಾಗವನ್ನು ಪತ್ತೆಹಚ್ಚಬೇಕು. ಉಳಿದ ಶೀತಕವನ್ನು ಗಾಳಿಗೆ ಬಿಡದೆ ಯಂತ್ರದ ಮೂಲಕ ಸಿಲಿಂಡರಿಗೆ ಹಿಂಪಡೆದ ನಂತರ, ನೈಟ್ರೋಜನ್ ಒತ್ತಡ ಕೊಟ್ಟು ಸಾಬೂನಿನ ನೊರೆ ಹಚ್ಚಿದರೆ ಪೈಪಿನ ಜೋಡಣೆಗಳ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ. ಡ್ಯಾಶ್‌ಬೋರ್ಡಿನೊಳಗಿನ ಕಾಯಿಲಿಗೆ ಎಲೆಕ್ಟ್ರಾನಿಕ್ ಶೋಧಕ ಬೇಕು. ಕಾಯಿಲೇ ತೂತಾಗಿದ್ದರೆ ಅಂಟು ಹಚ್ಚುವುದು, ಬೆಸುಗೆ ಹಾಕುವುದು ಬಹುಕಾಲ ಬಾಳದು. ಒಂದು ಕಡೆ ತಿಂದ ಲೋಹ ಪಕ್ಕದಲ್ಲೂ ತೆಳುವಾಗಿರುತ್ತದೆ. ಹೊಸ ಕಾಯಿಲ್ ಹಾಕುವಾಗ ಎಕ್ಸ್‌ಪಾನ್ಶನ್ ವಾಲ್ವ್, ರಬ್ಬರ್ ಉಂಗುರಗಳು ಮತ್ತು ತೇವ ಹೀರುವ ಡ್ರೈಯರನ್ನೂ ಬದಲಿಸಬೇಕು. ಹಳೆಯ ಕಾಯಿಲಿನೊಡನೆ ಹೋದಷ್ಟು ಎಣ್ಣೆಯನ್ನು ಮತ್ತೆ ಸೇರಿಸಬೇಕು. ಬಳಿಕ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ನಿರ್ವಾತ ಮಾಡಿ, ಅದು ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ, ತಯಾರಕರು ಹೇಳಿದಷ್ಟೇ ಶೀತಕವನ್ನು ತೂಗಿ ತುಂಬಬೇಕು. ಕಡಿಮೆ ಬೆಲೆಯೆಂದು ಅಡುಗೆ ಅನಿಲದಂಥ ಹೈಡ್ರೋಕಾರ್ಬನ್ ತುಂಬಿಸುವುದಂತೂ ಕೂಡದು. ಅದಕ್ಕಾಗಿ ರೂಪಿಸದ ಕಾರಿನಲ್ಲಿ ಅದು ಸೋರಿದರೆ ಕುಳಿತವರ ಕಾಲಬುಡದಲ್ಲೇ ಬೆಂಕಿಯ ಅಪಾಯ.

ಇದಕ್ಕೆ ಖರ್ಚು ಹೆಚ್ಚು ಎಂಬುದು ನಿಜ. ಹಲವು ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕು. ಒಂದು ದಿನದ ಕೆಲಸ. ಆದರೆ ಮರುಭರ್ತಿಯ ಹಣ ವರ್ಷವರ್ಷವೂ ಸೇರುತ್ತದೆ. ಶೀತಕ ಕಡಿಮೆಯಾದಾಗ ಅದರೊಡನೆ ಸುತ್ತುವ ಎಣ್ಣೆಯೂ ಕಂಪ್ರೆಸರಿಗೆ ಸರಿಯಾಗಿ ಮರಳದೆ, ಕೊನೆಗೆ ಅದೂ ಹಿಡಿದುಕೊಂಡರೆ ಕಾಯಿಲಿಗಿಂತ ದೊಡ್ಡ ವೆಚ್ಚ ಕಾದಿರುತ್ತದೆ. ಎ.ಸಿ.ಗಾಗಿ ಗಟ್ಟಿಯಾಗಿರುವ ಕಾರನ್ನೇ ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದೂ ಪರಿಸರಸ್ನೇಹವಲ್ಲ. ಒಂದು ಹೊಸ ಕಾರಿನ ತಯಾರಿಕೆಯಲ್ಲೇ ಹಲವು ಟನ್ ಇಂಗಾಲ ಹೊರಬೀಳುತ್ತದೆ.

ದೋಷವನ್ನೆಲ್ಲ ಮೆಕ್ಯಾನಿಕ್‌ಗಳ ತಲೆಗೆ ಕಟ್ಟುವುದು ಅನ್ಯಾಯ. ಪೀಣ್ಯದ ಅಡ್ಡರಸ್ತೆಯ ಒಂದು ಶೆಡ್ಡಿನಲ್ಲಿ ಇಬ್ಬರು ಹುಡುಗರೊಡನೆ ದುಡಿಯುವವನಿಗೆ ಶೀತಕ ಹಿಂಪಡೆಯುವ ಯಂತ್ರ ಕೈಗೆಟುಕುವ ವಸ್ತುವಲ್ಲ. ಗಿರಾಕಿ ಕೇಳದ ಕೆಲಸಕ್ಕೆ ಕೂಲಿಯೂ ಇಲ್ಲ. 2019ರ ಭಾರತ ಶೀತಲೀಕರಣ ಕ್ರಿಯಾಯೋಜನೆ ಒಂದು ಲಕ್ಷ ತಂತ್ರಜ್ಞರ ತರಬೇತಿ, ಪ್ರಮಾಣೀಕರಣದ ಗುರಿ ಇಟ್ಟುಕೊಂಡಿತ್ತು. ತರಬೇತಿಯ ಜೊತೆಗೆ ಹತ್ತಾರು ಗ್ಯಾರೇಜುಗಳು ಸೇರಿ ಬಳಸುವ ಒಂದು ಯಂತ್ರ, ಹಿಂಪಡೆದ ಶೀತಕಕ್ಕೆ ಒಂದು ಬೆಲೆ ದೊರೆತರೆ ಪೀಣ್ಯದಂಥ ಯಂತ್ರಕುಶಲರ ಊರಿನಲ್ಲಿ ಇದು ಅಸಾಧ್ಯವೇನಲ್ಲ.

ಒಡೆಯರು ಮಾಡಬಹುದಾದದ್ದೂ ಇದೆ. ಕ್ಯಾಬಿನ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವುದು, ವಿಂಡ್‌ಶೀಲ್ಡಿನ ಬುಡದ ತರಗೆಲೆ ತೆಗೆಯುವುದು, ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿದೆಯೇ ಎಂದು ನೋಡುವುದು. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಮೆಟ್ರೋ ತಲುಪಿದೆ. ಕಾರನ್ನು ಮನೆಯಲ್ಲೇ ಬಿಡುವ ದಿನಗಳು ಹೆಚ್ಚಿದಷ್ಟೂ ಒಳ್ಳೆಯದು. ಹಳೆಯ ಕಾರು ಘಟ್ಟ ಹತ್ತಿ ಬಂದು, ಇಲ್ಲಿನ ಗಾಳಿಗೆ ಎ.ಸಿ. ಬೇಡವೆನಿಸಿದರೆ ಅದನ್ನು ದುರಸ್ತಿ ಮಾಡದೆ ಬಿಡಬಹುದು. ಆದರೆ ಪೈಪು ಕತ್ತರಿಸುವ ಮೊದಲು ಉಳಿದ ಅನಿಲವನ್ನು ಹಿಂಪಡೆಸಬೇಕು.

ಗ್ಯಾರೇಜಿನ ಬಾಗಿಲಲ್ಲಿ ಕೇಳುವ ಮೊದಲ ಪ್ರಶ್ನೆ ಬದಲಾಗಬೇಕು. “ಗ್ಯಾಸಿಗೆ ಎಷ್ಟು?” ಎಂಬುದರ ಬದಲು “ಎಲ್ಲಿ ಸೋರುತ್ತಿದೆ?” ಎಂದು ಕೇಳಬೇಕು. ಊರಿನ ಹಿರಿಯರು ಬೆಂಗಳೂರಿನ ಮಕ್ಕಳಿಗೆ ಫೋನು ಮಾಡಿದಾಗ ಇದೊಂದು ಮಾತನ್ನು ಹೇಳಿದರೂ ಇಂದಿನ ಸಭೆ ಸಾರ್ಥಕ.